ಗೆರೆ ನೋಡಿ ಬಿತ್ತಬೇಡಿ, ಚುಕ್ಕಿ ಒತ್ತಿ ನೋಡಿ

ನನ್ನದು ಕುಣಿಗಲ್ ಸೀಮೆ. ಮೂರು ಎಕರೆ ಖುಷ್ಕಿ ಜಮೀನು. ಬೋರ್‌ವೆಲ್ ಇಲ್ಲ. ರಾಗಿ, ಅವರೆ, ತೊಗರಿ, ಹುರುಳಿ ಎಲ್ಲಾ ಮಳೆ ಕೊಟ್ಟಷ್ಟು. ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರ್ ಬಗ್ಗೆ ಇವನೇನು ಬರೆಯುತ್ತಾನೆ ಅಂತ ನಿಮಗೆ ಅನ್ನಿಸಬಹುದು. ಬರೆಯುವ ಕಾರಣ ಇದೆ. ಒಂದು ಗ್ರಾಫನ್ನು ತಪ್ಪಾಗಿ ಓದಿ ಒಂದು ವರ್ಷದ ಬೆಳೆ ಕಳಕೊಂಡವನು ನಾನು.

2009ರಿಂದ ಮನೆ ಮುಂದೆ ಮಳೆ ಅಳೆಯುತ್ತಿದ್ದೇನೆ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ನೋಟ್ ಪುಸ್ತಕದಲ್ಲಿ ಬರೆಯುವುದು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ. ಮಾಪಕ ಇಲ್ಲದವರು ನೆಟ್ಟಗಿನ ಗೋಡೆಯ, ಚಪ್ಪಟೆ ತಳದ ಡಬ್ಬ ಬಯಲಲ್ಲಿಟ್ಟು ಸ್ಕೇಲು ಇಳಿಸಿದರೂ ಸಾಕು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ನಾಲ್ಕು ಸಾವಿರ ಲೀಟರ್‌ಗಿಂತ ಸ್ವಲ್ಪ ಹೆಚ್ಚು.

ಹದಿನಾಲ್ಕು ವರ್ಷ ಒಂದೇ ಹಾಳೆಯಲ್ಲಿ

ನನ್ನ ತಮ್ಮನ ಮಗ ಪೀಣ್ಯದ ಎರಡನೇ ಹಂತದಲ್ಲಿ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಕೆಲಸಕ್ಕಿದ್ದಾನೆ. 2023ರ ಯುಗಾದಿಗೆ ಊರಿಗೆ ಬಂದಿದ್ದಾಗ ನನ್ನ ಪುಸ್ತಕ ನೋಡಿ, "ದೊಡ್ಡಪ್ಪ, ಇದನ್ನ ಎಕ್ಸೆಲ್‌ಗೆ ಹಾಕಿಕೊಡ್ತೀನಿ" ಅಂತ ಒಯ್ದ. ತಿಂಗಳ ಲೆಕ್ಕ ಬೇಡ, ನಮ್ಮ ಮಳೆಗಳ ಲೆಕ್ಕದಲ್ಲೇ ಹಾಕು ಅಂದೆ. ಅಶ್ವಿನಿಯಿಂದ ವಿಶಾಖೆವರೆಗೆ ಹದಿನಾರು ಮಳೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ.

ಜೂನ್‌ನಲ್ಲಿ ಒಂದು ಹಾಳೆ ಕಳಿಸಿದ. 2009ರಿಂದ 2022ರವರೆಗೆ ಹದಿನಾಲ್ಕು ವರ್ಷಕ್ಕೆ ಹದಿನಾಲ್ಕು ಗೆರೆ. ಅಡ್ಡಕ್ಕೆ ಮಳೆ ಹೆಸರು, ಉದ್ದಕ್ಕೆ ಸೊನ್ನೆಯಿಂದ 200 ಮಿಲಿಮೀಟರ್. ಕಂಪ್ಯೂಟರಿನಲ್ಲಿ ಬಣ್ಣ ಬಣ್ಣ ಇತ್ತಂತೆ. ಮುದ್ರಣ ಕಪ್ಪು ಬಿಳುಪು. ಅದನ್ನೇ ಗೋಡೆಗೆ ಅಂಟಿಸಿದೆ.

ನನಗೆ ಬೇಕಾಗಿದ್ದದ್ದು ಆಶ್ಲೇಷ ಮಳೆ. ಪುನರ್ವಸು ಮಳೆಗೆ, ಅಂದರೆ ಜುಲೈ ಮೊದಲರ್ಧದಲ್ಲಿ ರಾಗಿ ಬಿತ್ತಿದರೆ, ಆಗಸ್ಟ್ 3ರ ಸುಮಾರಿಗೆ ಆಶ್ಲೇಷ ಹುಟ್ಟುವಾಗ ಪೈರು ತೆಂಡೆ ಒಡೆಯುವ ಕಾಲ. ಆಗ ನೀರು ಬೇಕು. ಆ ಹದಿನಾಲ್ಕು ದಿನದಲ್ಲಿ 20 ಮಿಲಿಮೀಟರ್ ಕೂಡ ಬಾರದಿದ್ದರೆ ಅದು ನನ್ನ ಲೆಕ್ಕದಲ್ಲಿ ಕೆಟ್ಟ ಆಶ್ಲೇಷ.

ಹಾಳೆಯಲ್ಲಿ ಆಶ್ಲೇಷದ ನೇರಕ್ಕೆ ಬೆರಳಿಟ್ಟು ನೋಡಿದೆ. ಕೆಳಗಡೆ ಎರಡೇ ಚುಕ್ಕಿ. ಹದಿನಾಲ್ಕರಲ್ಲಿ ಎರಡು ವರ್ಷ ಕೆಟ್ಟದ್ದು! ಧೈರ್ಯ ಬಂತು. ಪ್ರತಿ ವರ್ಷ ಒಂದು ಎಕರೆ ಹುರುಳಿಗೆ ಅಂತ ಉಳಿಸುತ್ತಿದ್ದೆ. ಆ ವರ್ಷ ಅದಕ್ಕೂ ನಾಲ್ಕು ತಿಂಗಳ ರಾಗಿ ಬಿತ್ತಿದೆ. ಅವರೆ, ತೊಗರಿಯ ಅಕ್ಕಡಿ ಸಾಲನ್ನೂ ಬಿಟ್ಟೆ. ಪೂರ್ತಿ ರಾಗಿಯಾದರೆ ಕುಂಟೆ ಹೊಡೆಯೋದು ಸಲೀಸು ಅಂತ.

ಆಮೇಲಿನ ಕಥೆ ನಿಮಗೆ ಗೊತ್ತಿದೆ. 2023ರ ಆಗಸ್ಟ್‌ನಷ್ಟು ಒಣ ಆಗಸ್ಟ್ 1901ರಿಂದೀಚಿನ ದಾಖಲೆಯಲ್ಲಿ ಇಡೀ ದೇಶಕ್ಕೇ ಇರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನನ್ನ ಮೂರು ಎಕರೆಯಲ್ಲಿ ಸಿಕ್ಕಿದ್ದು ದನಕ್ಕೆ ಒಂದಿಷ್ಟು ಹುಲ್ಲು. ಪಕ್ಕದ ಹೊಲದವರಿಗೆ ಅಕ್ಕಡಿಯಲ್ಲಿ ತೊಗರಿಯಾದರೂ ಕೈಗೆ ಬಂತು. ನನಗೆ ಅದೂ ಇಲ್ಲ.

ಬರ ಗ್ರಾಫಿನಿಂದ ಬರಲಿಲ್ಲ, ಒಪ್ಪುತ್ತೇನೆ. ಆದರೆ ಅಕ್ಕಡಿ ಬಿಡುವ ಬುದ್ಧಿ ಆ ಹಾಳೆಯಿಂದಲೇ ಬಂದದ್ದು.

ಪೀಣ್ಯದಲ್ಲಿ ಕಂಡದ್ದು

ದೀಪಾವಳಿ ಕಳೆದು ಬೆಂಗಳೂರಿಗೆ ಹೋಗುವ ಕೆಲಸ ಬಿತ್ತು. ಎಂಟನೇ ಮೈಲಿಯಲ್ಲಿ ಬಸ್ ಇಳಿದು ಆಟೋ ಹಿಡಿದು ಹುಡುಗನ ಕಾರ್ಖಾನೆಗೆ ಹೋದೆ. ಪೀಣ್ಯ 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ. ರಸ್ತೆ ರಸ್ತೆಗೂ ಲೇತು, ಮಿಲ್ಲಿಂಗ್, ಪ್ಲೇಟಿಂಗ್, ಗಾರ್ಮೆಂಟ್ಸ್. ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿನ ಸಂಬಳದಿಂದ.

ಹುಡುಗನ ಕೆಲಸ ತಯಾರಾದ ಶಾಫ್ಟುಗಳನ್ನು ಅಳೆಯುವುದು. ಶಾಫ್ಟಿನ ದಪ್ಪ 25 ಮಿಲಿಮೀಟರ್ ಇರಬೇಕು. 24.98ಕ್ಕಿಂತ ಕಡಿಮೆಯಾಗಬಾರದು, 25.02ಕ್ಕಿಂತ ಹೆಚ್ಚಾಗಬಾರದು. ಮೈಕ್ರೋಮೀಟರಿನಲ್ಲಿ ಅಳೆದು ಎಕ್ಸೆಲ್‌ನಲ್ಲಿ ತುಂಬುತ್ತಾನೆ. ಪಕ್ಕದಲ್ಲೇ ಗ್ರಾಫು. ಮೇಲೊಂದು ಕೆಂಪು ಗೆರೆ, ಕೆಳಗೊಂದು ಕೆಂಪು ಗೆರೆ, ನಡುವೆ ಚುಕ್ಕಿಗಳ ಸಾಲು. ತಯಾರಾಗುವ ಮಾಲಿನ ಅಳತೆಯನ್ನು ಹೀಗೆ ಮಿತಿಗೆರೆ ಹಾಕಿದ ಗ್ರಾಫಿನಲ್ಲಿ ಕಾಯುವ ಪದ್ಧತಿಯನ್ನು 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಅನ್ನುವವರು ಶುರು ಮಾಡಿದರಂತೆ. ಅವರು ಗೆರೆಗಳನ್ನು ಅಳತೆಗಳ ಏರಿಳಿತದಿಂದಲೇ ಲೆಕ್ಕ ಹಾಕುತ್ತಿದ್ದರು. ಈ ಶಾಪಿನಲ್ಲಿ ಗಿರಾಕಿ ಕೊಟ್ಟ ಮಿತಿಯನ್ನೇ ಗೆರೆ ಮಾಡಿಕೊಂಡಿದ್ದಾರೆ.

ನಾನು ನೋಡುತ್ತಿದ್ದಾಗಲೇ ಒಂದು ಚುಕ್ಕಿ ಮೇಲಿನ ಕೆಂಪು ಗೆರೆಗೆ ತಾಗಿದ ಹಾಗೆ ಕಂಡಿತು. ಸೂಪರ್‌ವೈಸರ್ ಬಂದು, "ಒಳಗಿದೆಯೋ ಹೊರಗಿದೆಯೋ?" ಅಂತ ಕೇಳಿದರು. ಕಣ್ಣಿಗೆ ಹೇಳಲಾಗದು. ಹುಡುಗ ಮೌಸಿನ ಬಾಣವನ್ನು ಚುಕ್ಕಿ ಮೇಲಿಟ್ಟು ಒತ್ತಿದ. ಒಂದು ಚೀಟಿ ಬಂತು: ಮೆಷಿನ್ 3, ಹೊತ್ತು 11.40, ಅಳತೆ 25.023. ಹೊರಗಿದೆ. ಅವನು ಅಷ್ಟಕ್ಕೇ ಬಿಡಲಿಲ್ಲ. ಅದೇ ಶಾಫ್ಟನ್ನು ಹುಡುಕಿ, ಒರೆಸಿ, ಮತ್ತೆ ಅಳೆದ. ಅಷ್ಟೇ ಬಂತು. ಮೆಷಿನ್ ನಿಲ್ಲಿಸಿದರು. ಒಳಗೆ ಟೂಲ್ ಸವೆದಿತ್ತು.

"ಲೇ, ಇದು ನನ್ನ ಮಳೆ ಗ್ರಾಫಿಗೂ ಆಗುತ್ತೇನೋ?" ಅಂದೆ.

"ಆಗದೆ ಏನು ದೊಡ್ಡಪ್ಪ. ಊಟದ ಹೊತ್ತಲ್ಲಿ ತೋರಿಸ್ತೀನಿ ಬನ್ನಿ."

ಒತ್ತುವುದು ಹೇಗೆ?

ಅವನು ತೋರಿಸಿದ್ದನ್ನು ಹಾಗೇ ಬರೆಯುತ್ತೇನೆ. ಎಕ್ಸೆಲ್ ಹಾಳೆ ಅಂದರೆ ಚೌಕಾಬಾರದ ಹಾಗೆ ಮನೆ ಮನೆ. ಒಂದೊಂದು ಮನೆಯಲ್ಲಿ ಒಂದು ಅಂಕೆ. ಗ್ರಾಫಿನ ಚುಕ್ಕಿ ಅಂದರೆ ಒಂದು ಮನೆಯ ಅಂಕೆಯ ಚಿತ್ರ.

1. ಬಾಣವನ್ನು ಚುಕ್ಕಿ ಮೇಲೆ ಸುಮ್ಮನೆ ನಿಲ್ಲಿಸಿ. ಒತ್ತುವುದೇ ಬೇಡ. ಯಾವ ವರ್ಷದ ಗೆರೆ, ಯಾವ ಮಳೆ, ಎಷ್ಟು ಅಂಕೆ ಅಂತ ಚೀಟಿ ಬರುತ್ತದೆ.

2. ಒಂದು ಸಲ ಒತ್ತಿದರೆ ಆ ವರ್ಷದ ಗೆರೆ ಪೂರ್ತಿ ಆರಿಸಿಕೊಳ್ಳುತ್ತದೆ. ಸ್ವಲ್ಪ ತಡೆದು ಅದೇ ಚುಕ್ಕಿಯನ್ನು ಇನ್ನೊಂದು ಸಲ ಒತ್ತಿದರೆ ಅದೊಂದೇ ಚುಕ್ಕಿ. ಅವಸರದಲ್ಲಿ ಎರಡು ಸಲ ಒತ್ತಿದರೆ ಬೇರೆ ಏನೋ ತೆರೆದುಕೊಳ್ಳುತ್ತದೆ.

3. ಆಮೇಲೆ ಕೀಲಿಮಣೆಯ ಎಡ-ಬಲ ಬಾಣದ ಗುಂಡಿ ಒತ್ತಿದರೆ ಒಂದು ಮಳೆಯಿಂದ ಇನ್ನೊಂದು ಮಳೆಗೆ, ಮೇಲೆ-ಕೆಳಗೆ ಗುಂಡಿ ಒತ್ತಿದರೆ ಒಂದು ಗೆರೆಯಿಂದ ಬೇರೆ ಗೆರೆಗೆ ಹೋಗಬಹುದು.

4. ಮುದ್ರಿಸಿ ಗೋಡೆಗೆ ಹಾಕುವುದಿದ್ದರೆ, ಬೇಕಾದ ಚುಕ್ಕಿ ಆರಿಸಿ ಮೌಸಿನ ಬಲಗುಂಡಿ ಒತ್ತಿ. 'ಡೇಟಾ ಲೇಬಲ್' ಸೇರಿಸಲು ಹೇಳಿದರೆ ಅಂಕೆ ಚುಕ್ಕಿ ಪಕ್ಕದಲ್ಲೇ ಅಚ್ಚಾಗುತ್ತದೆ.

ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸಿನಲ್ಲೂ ಅಂಕೆ ನೋಡಬಹುದು. ಅಲ್ಲಿ ಮೊದಲು ಗ್ರಾಫಿನ ಮೇಲೆ ಬೇಗ ಬೇಗ ಎರಡು ಸಲ ಒತ್ತಿ ಒಳಗೆ ಹೋಗಬೇಕು. ಆಮೇಲೆ ಬಾಣ ಇಟ್ಟರೆ ಅಂಕೆ ಕಾಣುತ್ತದೆ.

ಒಂದು ಎಚ್ಚರಿಕೆ. 2007ಕ್ಕೆ ಮುಂಚಿನ ಹಳೇ ಎಕ್ಸೆಲ್‌ನಲ್ಲಿ ಆರಿಸಿದ ಚುಕ್ಕಿಯನ್ನು ಒತ್ತಿ ಹಿಡಿದು ಎಳೆದರೆ ಮನೆಯೊಳಗಿನ ಅಂಕೆಯೇ ಬದಲಾಗುತ್ತಿತ್ತು! ಹಳೇ ಕಂಪ್ಯೂಟರ್ ಇರುವವರು ಕೈ ಜೋಪಾನ.

ಎರಡು ಅಂದದ್ದು ಐದಾಯಿತು

ಊಟದ ಡಬ್ಬಿ ಪಕ್ಕಕ್ಕಿಟ್ಟು ಆಶ್ಲೇಷದ ಚುಕ್ಕಿಗಳನ್ನು ಒಂದೊಂದಾಗಿ ನೋಡಿದೆವು. ಕೆಳಗಿದ್ದ ಎರಡರಲ್ಲಿ ಒಂದನ್ನು ಒತ್ತಿದ. 5.5. ಸರಿ. ಇನ್ನೊಂದು ಒತ್ತಿದ. 2018, 14.2 ಅಂತ ಬಂತು. ಮೇಲೆ-ಕೆಳಗೆ ಗುಂಡಿ ಒತ್ತಿ ಬೇರೆ ಗೆರೆಗೆ ಹೋದಾಗ ಅದೇ ಜಾಗದಲ್ಲಿ 2016ರ ಚುಕ್ಕಿ, 13.0. ಇನ್ನಷ್ಟು ಹೋದಾಗ 2012ರದು, 12.4. ನಾನು ಒಂದು ವರ್ಷ ಅಂದುಕೊಂಡಿದ್ದ ಚುಕ್ಕಿಯಲ್ಲಿ ಮೂರು ವರ್ಷ ಒಂದರ ಮೇಲೊಂದು ಕೂತಿದ್ದವು.

ಹೇಗೆ ಅಂತ ಲೆಕ್ಕ ಹಾಕಿದೆವು. ನನ್ನ ಹಾಳೆಯಲ್ಲಿ ಸೊನ್ನೆಯಿಂದ 200ಕ್ಕೆ ಹತ್ತು ಸೆಂಟಿಮೀಟರ್ ಎತ್ತರ. ಅಂದರೆ ಹಾಳೆಯ ಒಂದು ಮಿಲಿಮೀಟರಿಗೆ ಎರಡು ಮಿಲಿಮೀಟರ್ ಮಳೆ. ಚುಕ್ಕಿಯೇ ಮೂರು ಮಿಲಿಮೀಟರ್ ಅಗಲ, ಅಂದರೆ ಆರು ಮಿಲಿಮೀಟರ್ ಮಳೆಯಷ್ಟು. 12.4ಕ್ಕೂ 14.2ಕ್ಕೂ ಇರುವ ವ್ಯತ್ಯಾಸ ಅದರೊಳಗೇ ಮುಳುಗಿ ಹೋಗಿತ್ತು.

ಇದನ್ನು ಗಮನಿಸಿ: ಮೌಸ್ ಒತ್ತಿದರೂ ಸಿಗುವುದು ಎಲ್ಲಕ್ಕಿಂತ ಮೇಲೆ ಕೂತ ಚುಕ್ಕಿಯೊಂದೇ. ಸಾಮಾನ್ಯವಾಗಿ ಅದು ಕೊನೆಯಲ್ಲಿ ಸೇರಿಸಿದ ಗೆರೆಯದು. ಅಡಿಯಲ್ಲಿ ಇನ್ನೂ ಇದೆಯೋ ಅಂತ ಗುಂಡಿ ಒತ್ತಿಯೇ ನೋಡಬೇಕು.

ಎರಡು ಹೋಗಿ ನಾಲ್ಕಾಯಿತು. ಅಷ್ಟರಲ್ಲಿ ಮೇಲುಗಡೆ ಒಂಟಿಯಾಗಿ ನಿಂತಿದ್ದ ಚುಕ್ಕಿ ನೋಡಿ ನನಗೆ ಅನುಮಾನ ಬಂತು. ಒತ್ತಿದರೆ 132. ಆಶ್ಲೇಷದಲ್ಲಿ ಅಷ್ಟು ಸುರಿದ ನೆನಪು ನನಗಿಲ್ಲ. ಅಷ್ಟು ಬಿದ್ದಿದ್ದರೆ ಕಟ್ಟೆ ಕೋಡಿ ಬೀಳಬೇಕಿತ್ತು. ಊರಿಗೆ ಬಂದು ಪುಸ್ತಕ ತೆಗೆದೆ. ದಿನದ ಲೆಕ್ಕ ಎಲ್ಲಾ ಕೂಡಿದರೆ 13.2. ಟೈಪ್ ಮಾಡುವಾಗ ಚುಕ್ಕೆ ಬಿಟ್ಟುಹೋಗಿತ್ತು. ಒಳ್ಳೇ ವರ್ಷ ಅಂತ ಎಣಿಸಿದ್ದು ಕೆಟ್ಟ ವರ್ಷವಾಗಿತ್ತು.

ಕಣ್ಣಿನ ಲೆಕ್ಕ ಎರಡು. ಮೌಸಿನ ಲೆಕ್ಕ ನಾಲ್ಕು. ಪುಸ್ತಕದ ಲೆಕ್ಕ ಐದು. ಹದಿನಾಲ್ಕರಲ್ಲಿ ಎರಡು ಅಂದರೆ ಏಳು ವರ್ಷಕ್ಕೊಮ್ಮೆ. ಹದಿನಾಲ್ಕರಲ್ಲಿ ಐದು ಅಂದರೆ ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ. ಮೂರು ವರ್ಷಕ್ಕೊಮ್ಮೆ ಕೈಕೊಡುವ ಮಳೆಯನ್ನು ನಂಬಿ ನಾನು ಅಕ್ಕಡಿ ಬಿಡುತ್ತಿರಲಿಲ್ಲ.

ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ಹುಡುಗನ ಶಾಪಿನಲ್ಲಿ ಬಂದ ಚೀಟಿಯಲ್ಲಿ ಮೆಷಿನ್ ನಂಬರು, ಹೊತ್ತು ಎಲ್ಲಾ ಇತ್ತಲ್ಲ, ಅದು ಎಕ್ಸೆಲ್ ತಾನಾಗಿ ಕೊಡುವುದಲ್ಲ. ಅದಕ್ಕೆ ಮ್ಯಾಕ್ರೋ ಅನ್ನುವ ಸಣ್ಣ ಬರಹ ಬರೆದಿದ್ದಾರೆ. ಅದರ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಮೌಸ್ ಒತ್ತಿದ ಕೂಡಲೇ ಕಂಪ್ಯೂಟರಿಗೆ ಸಿಗುವುದು ಎರಡೇ ಅಂಕೆ. ಎಡಗಡೆಯಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ಕೆಳಗೆ. ಅದರಲ್ಲಿ ಮಳೆಯೂ ಇಲ್ಲ, ಶಾಫ್ಟೂ ಇಲ್ಲ. ಆಗ ಮ್ಯಾಕ್ರೋ, 'ಗೆಟ್ ಚಾರ್ಟ್ ಎಲಿಮೆಂಟ್' ಅನ್ನುವ ಆಜ್ಞೆಯಿಂದ ಗ್ರಾಫನ್ನು ಕೇಳುತ್ತದೆ: "ಈ ಜಾಗದಲ್ಲಿ ಏನಿದೆ?" ಗ್ರಾಫು ಮೂರು ಉತ್ತರ ಕೊಡುತ್ತದೆ. ಅಲ್ಲಿರುವುದು ಗೆರೆಯೋ, ತಲೆಬರಹವೋ, ಅಂಚೋ ಅನ್ನುವುದು ಮೊದಲನೆಯದು. ಗೆರೆಯಾದರೆ ಎಷ್ಟನೇ ಗೆರೆ ಅನ್ನುವುದು ಎರಡನೆಯದು. ಆ ಗೆರೆಯಲ್ಲಿ ಎಷ್ಟನೇ ಚುಕ್ಕಿ ಅನ್ನುವುದು ಮೂರನೆಯದು.

ಅಕ್ಕಡಿ ಹೊಲದಲ್ಲಿ ನಿಂತು "ನಾಲ್ಕನೇ ಸಾಲು, ಒಂಬತ್ತನೇ ಗಿಡ" ಅಂದ ಹಾಗೆ ಅದು. ನನ್ನ ಗ್ರಾಫಿನಲ್ಲಿ 2009 ಒಂದನೇ ಗೆರೆ. ಹಾಗಾಗಿ ನಾಲ್ಕನೇ ಗೆರೆ 2012. ಅಶ್ವಿನಿಯಿಂದ ಎಣಿಸಿದರೆ ಒಂಬತ್ತನೆಯದು ಆಶ್ಲೇಷ. ಸಾಲು, ಗಿಡ ಗೊತ್ತಾದ ಮೇಲೆ ಮ್ಯಾಕ್ರೋ ಆ ಗೆರೆಯ ಅಂಕೆಗಳ ಪಟ್ಟಿಯಲ್ಲಿ ಒಂಬತ್ತನೆಯದನ್ನು ತೆಗೆದು ತೋರಿಸುತ್ತದೆ: 12.4. ಅದೇ ಸಾಲಿನ ಬೇರೆ ಮನೆಗಳಲ್ಲಿರುವುದನ್ನೂ ತೋರಿಸು ಅಂತ ಬರೆದರೆ ಮೆಷಿನ್ ನಂಬರು, ಹೊತ್ತು ಕೂಡ ಬರುತ್ತವೆ. ಚುಕ್ಕಿಯ ಜಾಗಕ್ಕೆ ಉತ್ತರ ಕಳೆ ಒಂದು, ಅಂದರೆ ಸೊನ್ನೆಗಿಂತ ಕೆಳಗಿನ ಒಂದು ಅಂತ ಬಂದರೆ, ಒಂದು ಚುಕ್ಕಿಯಲ್ಲ, ಗೆರೆ ಪೂರ್ತಿ ಅಂತ ಅರ್ಥವಂತೆ.

ಅಂದರೆ ಎಕ್ಸೆಲ್ ಚುಕ್ಕಿಯ ಎತ್ತರ ಅಳೆದು ಅಂಕೆ ಹೇಳುವುದಿಲ್ಲ. ಚುಕ್ಕಿಯಿಂದ ಮನೆಗೆ ಹೋಗಿ ಅಲ್ಲಿ ಬರೆದದ್ದನ್ನೇ ಓದುತ್ತದೆ. ಆದ್ದರಿಂದಲೇ ದಶಾಂಶದವರೆಗೆ ಸರಿ ಬರುತ್ತದೆ. ಆದ್ದರಿಂದಲೇ 13.2ರ ಬದಲು 132 ಬರೆದಿದ್ದರೆ 132 ಅಂತಲೇ ಹೇಳುತ್ತದೆ.

ಯಾರೋ ಗೊತ್ತಿಲ್ಲದವರು ಕಳಿಸಿದ ಕಡತದಲ್ಲಿ ಮ್ಯಾಕ್ರೋ ಇದ್ದರೆ ಅದನ್ನು ಚಾಲೂ ಮಾಡಬೇಡಿ. ಒಳ್ಳೇ ಕೆಲಸದ ಹಾಗೆ ಕೆಟ್ಟ ಕೆಲಸವನ್ನೂ ಅದರಲ್ಲಿ ಬರೆಯಬಹುದು. ನಮ್ಮ ಮಳೆ ಲೆಕ್ಕಕ್ಕೆ ಮ್ಯಾಕ್ರೋ ಬೇಕಾಗಿಯೇ ಇಲ್ಲ. ಮೇಲೆ ಹೇಳಿದ ನಾಲ್ಕು ಸಾಕು.

ಬರೀ ಹಾಳೆ ಇದ್ದರೆ

ಪೇಪರಿನಲ್ಲಿ, ಪುಸ್ತಕದಲ್ಲಿ ಬರುವ ಗ್ರಾಫಿಗೆ ಒಳಗಡೆ ಮನೆ ಇರುವುದಿಲ್ಲ. ಅದನ್ನು ಅಳೆದೇ ಓದಬೇಕು. ಶಾಲೆಯಲ್ಲಿ ಕಲಿತ ತ್ರೈರಾಶಿ ಸಾಕು. ಸ್ಕೇಲಿನಲ್ಲಿ ಸೊನ್ನೆಯಿಂದ 200ರವರೆಗೆ 100 ಮಿಲಿಮೀಟರ್ ಇದೆ ಅನ್ನಿ. ಚುಕ್ಕಿಯ ನಡುಭಾಗ ಸೊನ್ನೆಯಿಂದ 17 ಮಿಲಿಮೀಟರ್ ಮೇಲಿದ್ದರೆ 17ನ್ನು 200ರಿಂದ ಗುಣಿಸಿ 100ರಿಂದ ಭಾಗಿಸಿ. 34 ಮಿಲಿಮೀಟರ್ ಮಳೆ. ಚಿತ್ರದ ಮೇಲೆ ಮೌಸ್ ಒತ್ತಿ ಅಂಕೆ ತೆಗೆಯುವ ಪ್ರೋಗ್ರಾಂಗಳೂ ಇದೇ ತ್ರೈರಾಶಿ ಮಾಡುತ್ತವೆ. ಗೊತ್ತಿರುವ ಎರಡು ಜಾಗ ಒತ್ತಿ ತೋರಿಸಿದರೆ ಉಳಿದದ್ದನ್ನು ಅವು ಲೆಕ್ಕ ಹಾಕುತ್ತವೆ. ಇಲ್ಲಿ ಬರುವುದು ಅಂದಾಜು. ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ.

ಅಳೆಯುವ ಮುಂಚೆ ಅಂಚಿನಲ್ಲಿ ಸೊನ್ನೆ ಇದೆಯಾ ನೋಡಿ. ಕೆಲವರು 50ರಿಂದ ಶುರು ಮಾಡಿರುತ್ತಾರೆ. ಆಗ ಕೆಳಗಿರುವ ಚುಕ್ಕಿ ಅಂದರೆ ಮಳೆಯಿಲ್ಲ ಅಂತಲ್ಲ, 50 ಅಂತ. ಎಡಕ್ಕೊಂದು ಬಲಕ್ಕೊಂದು ಅಳತೆ ಇದ್ದರೆ ಯಾವ ಗೆರೆಗೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಸೊನ್ನೆಗಿಂತ ಕೆಳಗೆ ಮಳೆ!

ಇನ್ನೊಂದು ವಿಷಯ. ಹುಡುಗ ಮೊದಲು ಕಳಿಸಿದ ಹಾಳೆಯಲ್ಲಿ ಗೆರೆಗಳು ಹಾವಿನ ಹಾಗೆ ನುಣುಪಾಗಿ ಬಾಗಿದ್ದವು. ನೋಡಲು ಚೆಂದ. ಪೀಣ್ಯದಲ್ಲಿ ದೊಡ್ಡದು ಮಾಡಿ ನೋಡಿದಾಗ ಒಂದು ಗೆರೆ ಎರಡು ಮಳೆಗಳ ನಡುವೆ ಸೊನ್ನೆಗಿಂತ ಕೆಳಗೆ ಇಳಿದಿತ್ತು.

"ಸೊನ್ನೆಗಿಂತ ಕಡಿಮೆ ಮಳೆ ಹೇಗೋ ಬರುತ್ತೆ? ನೆಲದಿಂದ ಮೇಲಕ್ಕೆ ಹೋಯ್ತೇನೋ?" ಅಂದೆ.

ಅವನಿಗೆ ನಗು ಬಂತು. ಅದು 'ಸ್ಮೂತ್' ಅನ್ನುವ ಆಯ್ಕೆ. ಚುಕ್ಕಿಯಿಂದ ಚುಕ್ಕಿಗೆ ಚೆಂದವಾಗಿ ಬಾಗಿಸಲು ಹೋಗಿ ಕಂಪ್ಯೂಟರ್ ಇಲ್ಲದ ಏರಿಳಿತ ಸೇರಿಸಿಬಿಡುತ್ತದೆ. ಅದನ್ನು ತೆಗೆಸಿದೆ. ನೇರ ಗೆರೆ ಇದ್ದರೂ ಅಷ್ಟೇ. ಪುಷ್ಯಕ್ಕೂ ಆಶ್ಲೇಷಕ್ಕೂ ನಡುವಿನ ಗೆರೆಯ ಮೇಲೆ ಬಿದ್ದ ಮಳೆ ಯಾವುದೂ ಇಲ್ಲ. ನಾನು ಅಳೆದದ್ದು ಚುಕ್ಕಿಯಲ್ಲಿ ಮಾತ್ರ ಇದೆ. ಗೆರೆ ಕಣ್ಣಿಗೆ ದಾರಿ ತೋರಿಸಲು ಹಾಕಿದ್ದು.

ಈಗ ಮಾಡುತ್ತಿರುವುದು

2024ರಿಂದ ಮತ್ತೆ ಒಂದು ಎಕರೆ ಹುರುಳಿಗೆ ಬಿಟ್ಟಿದ್ದೇನೆ. ಉಳಿದ ಎರಡರಲ್ಲಿ ಅಕ್ಕಡಿ ಸಾಲು ತಪ್ಪಿಸಿಲ್ಲ. ಪುನರ್ವಸು ತಡವಾದರೆ ನಾಲ್ಕು ತಿಂಗಳ ರಾಗಿಯ ಆಸೆ ಬಿಟ್ಟು ಬೇಗ ಬರುವ ತಳಿ ಹಾಕುತ್ತೇನೆ. ಗೋಡೆ ಮೇಲಿನ ಹಾಳೆ ಈಗ ಬೇರೆ. ಹದಿನಾಲ್ಕು ಗೆರೆಯ ಗೋಜಲು ಇಲ್ಲ. ಒಂದೊಂದು ಮಳೆಗೆ ಒಂದೊಂದು ಚಿತ್ರ, ವರ್ಷಕ್ಕೊಂದು ಕಂಬ, ಕಂಬದ ತಲೆ ಮೇಲೆ ಅಂಕೆ. ಹೀಗಾದರೆ ಒಂದರ ಮೇಲೊಂದು ಕೂರುವುದಿಲ್ಲ.

ವರ್ಷಕ್ಕೊಮ್ಮೆ, ದೀಪಾವಳಿ ರಜೆಯಲ್ಲಿ ಹುಡುಗ ಬಂದಾಗ ಇಬ್ಬರೂ ಕೂರುತ್ತೇವೆ. ಅವನು ಚುಕ್ಕಿ ಒತ್ತಿ ಅಂಕೆ ಓದುತ್ತಾನೆ, ನಾನು ಪುಸ್ತಕದಲ್ಲಿ ಬೆರಳಿಟ್ಟು ಹೂಂ ಅನ್ನುತ್ತೇನೆ. ಹೊಂದದಿದ್ದರೆ ಪುಸ್ತಕದ್ದೇ ಕೊನೇ ಮಾತು. ಪುಸ್ತಕದಲ್ಲೇ ತಪ್ಪು ಬರೆದಿದ್ದರೆ? ಅದಕ್ಕೆ ಮೌಸಿನಲ್ಲಿ ಔಷಧಿ ಇಲ್ಲ. ಎಂಟೂವರೆಗೆ ಎದ್ದು ಹೋಗಿ ನೋಡಿ, ಆಗಲೇ ಬರೆಯಬೇಕು.

ಬರುವ ಆಶ್ಲೇಷ ಹೇಗಿರುತ್ತದೆ ಅಂತ ಇದು ಯಾವುದೂ ಹೇಳುವುದಿಲ್ಲ. ಎಷ್ಟು ಸಲ ಕೈಕೊಟ್ಟಿದೆ ಅಂತ ಮಾತ್ರ ಹೇಳುತ್ತದೆ. ಖುಷ್ಕಿಯವನಿಗೆ ಎಷ್ಟು ಎಕರೆ ಒಡ್ಡಬೇಕು, ಎಷ್ಟು ಉಳಿಸಿಕೊಳ್ಳಬೇಕು ಅನ್ನಲು ಅಷ್ಟು ಬೇಕು.

ನಿಮ್ಮಲ್ಲೂ ಎಷ್ಟೋ ಜನ ಕ್ಯಾಲೆಂಡರಿನ ಹಿಂದೆ, ಹಳೇ ಡೈರಿಯಲ್ಲಿ ಮಳೆ ಬರೆದಿಟ್ಟಿರುತ್ತೀರಿ. ಪಟ್ಟಣದಲ್ಲಿ ಕೆಲಸಕ್ಕಿರುವ ಮಕ್ಕಳು ಹಬ್ಬಕ್ಕೆ ಬಂದಾಗ ಅವರ ಕೈಗೆ ಕೊಡಿ. ಗ್ರಾಫು ಮಾಡಿಕೊಟ್ಟರೆ "ಚೆನ್ನಾಗಿದೆ" ಅಂತ ಗೋಡೆಗೆ ಅಂಟಿಸಬೇಡಿ, ನಾನು ಮಾಡಿದ ಹಾಗೆ. ಪಕ್ಕದಲ್ಲಿ ಕೂತು ಚುಕ್ಕಿ ಚುಕ್ಕಿ ಒತ್ತಿಸಿ ನೋಡಿ.